ಒಂದು ಮಾರು, ಒಂದು ಹರದಾರಿ, ಒಂದು ನಕ್ಷತ್ರ

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ದೂರವನ್ನು ಕೇಳಿದವನಿಗೆ ಮೀಟರಿನಲ್ಲಿ ಉತ್ತರ ಸಿಕ್ಕುವುದು ಇಂದಿಗೂ ಅಪರೂಪ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಮನೆಗಳು ಒತ್ತಾಗಿ ಕೂಡಿರುವುದಿಲ್ಲ. ತೋಟಕ್ಕೊಂದು ಮನೆ, ಕಣಿವೆಗೊಂದು ಕೇರಿ. ಆದ್ದರಿಂದ ನೆರೆಮನೆ ಎಷ್ಟು ದೂರವೆಂದರೆ ‘ಒಂದು ಕೂಗಳತೆ’ ಎನ್ನುತ್ತಾರೆ. ಅದಕ್ಕೂ ಆಚೆಗಾದರೆ ‘ಒಂದು ಕವಳ ಹಾಕಿ ಮುಗಿಯುವಷ್ಟು ದಾರಿ’ ಎಂದು ಹಿರಿಯರು ಹೇಳುವುದನ್ನು ಬಾಲ್ಯದಲ್ಲಿ ನಾನೇ ಕೇಳಿದ್ದೇನೆ. ಬಾವಿಯ ಆಳವನ್ನು ಮಾರಿನಿಂದಲೂ, ಹೂವಿನ ಮಾಲೆಯನ್ನು ಮೊಳದಿಂದಲೂ, ಪರವೂರಿನ ಪಯಣವನ್ನು ಹರದಾರಿಯಿಂದಲೂ ಅಳೆದ ಜನ ನಾವು. ಕೈ, ಕಾಲು, ಕೊರಳು, ಕವಳ ಇವೇ ನಮ್ಮ ಅಳತೆಗೋಲುಗಳಾಗಿದ್ದವು.

ಇಂಥ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತವನ್ನು ಕಲಿಸಿ, ಈಗ ನಿವೃತ್ತನಾಗಿ, ಅಂಗಳದಲ್ಲಿ ಅಡಿಕೆ ಒಣಗುವುದನ್ನು ನೋಡುತ್ತ ಕುಳಿತಿರುವ ನಾನು ಒಂದು ತಪ್ಪೊಪ್ಪಿಗೆಯನ್ನು ಬರೆಯಬೇಕೆಂದು ಹೊರಟಿದ್ದೇನೆ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ತಪ್ಪುಗಳನ್ನು ಕುರಿತು ಬರೆಯುವುದು ವಾಡಿಕೆ. ಇದು ನನ್ನ ತಪ್ಪಿನ ಕಥೆ.

2024ರ ಜನವರಿ 6ರಂದು ನಮ್ಮ ದೇಶದ ಆದಿತ್ಯ ಎಲ್-1 ನೌಕೆಯು ತನ್ನ ಗುರಿಯನ್ನು ಮುಟ್ಟಿತು. ಹಿಂದಿನ ವರ್ಷದ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆ ನೌಕೆ ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು ಸೂರ್ಯನನ್ನು ಎವೆಯಿಕ್ಕದೆ ನೋಡತೊಡಗಿತು. ಪತ್ರಿಕೆಗಳ ಮುಖಪುಟಗಳೆಲ್ಲ ಅದೇ ಸುದ್ದಿಯಿಂದ ತುಂಬಿದ್ದವು. ನನಗೆ ಉತ್ಸಾಹ ಬಂದಿತು. ಮರುದಿನವೇ ತರಗತಿಯಲ್ಲಿ ದೊಡ್ಡ ದೂರಗಳ ಮಾತೆತ್ತಿ ಮೀಟರಿನ ವಂಶವೃಕ್ಷವನ್ನು ಹಲಗೆಯ ಮೇಲೆ ಬರೆದೆ. ಸಾವಿರ ಮೀಟರು ಕಿಲೋಮೀಟರು. ಸಾವಿರ ಕಿಲೋಮೀಟರು ಮೆಗಾಮೀಟರು. ಸಾವಿರ ಮೆಗಾಮೀಟರು ಗಿಗಾಮೀಟರು. ಇಷ್ಟರವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ, ಗಂಟೆ ಬಾರಿಸುವ ಹೊತ್ತಿನ ಅವಸರದಲ್ಲಿ, ಮಕ್ಕಳಿಗೆ ಸುಲಭವಾಗಲೆಂದು ಒಂದು ಸಾಲು ಸೇರಿಸಿದೆ: ‘ಅಂದರೆ ಲಕ್ಷ ಕಿಲೋಮೀಟರಿಗೆ ಒಂದು ಗಿಗಾಮೀಟರು.’

ವಾರದ ಕೊನೆಗೆ ಕಿರುಪರೀಕ್ಷೆ ಕೊಟ್ಟೆ. ಪ್ರಶ್ನೆ ಇಷ್ಟೆ: ಆದಿತ್ಯ ನೌಕೆ ಭೂಮಿಯಿಂದ ಎಷ್ಟು ಗಿಗಾಮೀಟರು ದೂರದಲ್ಲಿದೆ? ಎಲ್ಲರೂ 15 ಎಂದು ಬರೆದಿದ್ದರು. ಒಬ್ಬ ಹುಡುಗಿ ಮಾತ್ರ 1.5 ಎಂದು ಬರೆದಿದ್ದಳು. ಕೆಂಪು ಶಾಯಿಯಿಂದ ಆ ಉತ್ತರಕ್ಕೆ ಅಡ್ಡಗೆರೆ ಎಳೆದು, ಬದಿಯಲ್ಲಿ ‘ದಶಮಾಂಶ ಬಿಂದುವಿನ ಕಡೆಗೆ ಗಮನವಿರಲಿ’ ಎಂಬ ಹಿತವಚನವನ್ನೂ ಬರೆದು ಮರಳಿಸಿದೆ. ಅವಳು ಏನೂ ಹೇಳಲಿಲ್ಲ. ಪತ್ರಿಕೆಯನ್ನು ಮಡಚಿಕೊಂಡು ತನ್ನ ಜಾಗದಲ್ಲಿ ಕುಳಿತಳು.

ಎರಡು ದಿನ ಕಳೆದ ಮೇಲೆ ಸಂಜೆ ಅವಳ ಅಜ್ಜ ನಮ್ಮ ಮನೆಗೆ ಬಂದರು. ಎಂಬತ್ತು ದಾಟಿದ ವೃದ್ಧರು. ಮೂರು ತಲೆಮಾರಿನಿಂದ ಅಡಿಕೆ ಬೆಳೆದ ಮನೆ. ನೀರು ಬೆಲ್ಲ ಮುಗಿದು, ಕವಳದ ಬಟ್ಟಲು ಮುಂದಿಟ್ಟ ಮೇಲೆ, ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದರು.

“ಮಾಸ್ತರೇ, ನಾನು ಓದಿದ್ದು ಅಷ್ಟಕ್ಕಷ್ಟೆ. ಜಗಳಕ್ಕೆ ಬಂದವನೂ ಅಲ್ಲ. ನಮ್ಮ ಕೂಸು ಎರಡು ದಿನದಿಂದ ಸೊನ್ನೆ ಎಣಿಸುತ್ತ ಕುಳಿತಿದೆ. ಎಷ್ಟು ಸಲ ಎಣಿಸಿದರೂ ಅವಳಿಗೆ ಒಂದೂವರೆಯೇ ಬರುತ್ತದಂತೆ. ನಿನ್ನೆ ರಾತ್ರಿ ಹೇಳಿದಳು, ‘ಅಜ್ಜಾ, ಸರ್ ಹೇಳಿದ್ದೇ ಸರಿ ಇರಬೇಕು, ನನಗೆ ಎಣಿಸಲು ಬರುವುದಿಲ್ಲ’ ಎಂದು. ಆ ಮಾತು ನನ್ನ ಮನಸ್ಸಿಗೆ ಬರಲಿಲ್ಲ. ತೋಟದ ಅಳತೆಯಲ್ಲಿ ಒಂದು ಸೊನ್ನೆ ಜಾರಿದರೆ ಹತ್ತು ತೋಟ ಹೋಗುತ್ತದೆ. ನೀವು ಒಂದು ಸಲ ನೋಡಿಬಿಡಿ.”

ನಾನು ನೋಡಿದೆ. 15 ಲಕ್ಷ ಕಿಲೋಮೀಟರು. ಲಕ್ಷಕ್ಕೆ ಐದು ಸೊನ್ನೆ. ಕಿಲೋಮೀಟರನ್ನು ಮೀಟರು ಮಾಡಲು ಇನ್ನೂ ಮೂರು. 15ರ ಮುಂದೆ ಎಂಟು ಸೊನ್ನೆಗಳು. ಎಂದರೆ 150 ಕೋಟಿ ಮೀಟರು. ಗಿಗಾ ಎಂದರೆ ಒಂದರ ಮುಂದೆ ಒಂಬತ್ತು ಸೊನ್ನೆ, 100 ಕೋಟಿ. 150 ಕೋಟಿಯನ್ನು 100 ಕೋಟಿಯಿಂದ ಭಾಗಿಸಿದರೆ ಒಂದೂವರೆ. ಹುಡುಗಿ ಸರಿ, ನಾನು ತಪ್ಪು. ಹಲಗೆಯ ಮೇಲೆ ನಾನು ಬರೆದ ಮೊದಲ ಮೂರು ಸಾಲುಗಳನ್ನು ಅವಳು ನಂಬಿದ್ದಳು. ನಾಲ್ಕನೆಯ ಸಾಲು ಅವುಗಳಿಗೆ ಹೊಂದುವುದಿಲ್ಲವೆಂಬುದನ್ನು ಮೂವತ್ತು ಮಕ್ಕಳ ನಡುವೆ ಅವಳೊಬ್ಬಳೇ ಕಂಡಿದ್ದಳು. ಕಂಡದ್ದನ್ನು ನನ್ನ ಮೇಲಿನ ಗೌರವದಿಂದ ಕೈಬಿಡಲು ಸಿದ್ಧಳಾಗಿದ್ದಳು. ನನಗೆ ನಾಚಿಕೆ ತಂದದ್ದು ಹತ್ತುಪಟ್ಟಿನ ತಪ್ಪಲ್ಲ, ಈ ಸಿದ್ಧತೆ.

ತಪ್ಪು ಎಲ್ಲಿಂದ ಬಂದಿತೆಂದು ಆ ರಾತ್ರಿ ಯೋಚಿಸಿದೆ. ಅದು ನನ್ನೊಬ್ಬನ ಅಜಾಗರೂಕತೆ ಮಾತ್ರವಲ್ಲ, ಎರಡು ಎಣಿಕೆಯ ಕ್ರಮಗಳು ಸಂಧಿಸುವ ಸ್ಥಳದಲ್ಲಿ ಎಲ್ಲರೂ ಎಡವುವ ಕಲ್ಲು ಎಂಬುದು ಹೊಳೆಯಿತು. ಪಾಶ್ಚಾತ್ಯರ ಎಣಿಕೆ ಸಾವಿರದಿಂದ ಸಾವಿರಕ್ಕೆ ನೆಗೆಯುತ್ತದೆ: ಸಾವಿರ, ಮಿಲಿಯನ್, ಬಿಲಿಯನ್, ಟ್ರಿಲಿಯನ್. ಮೀಟರಿನ ಉಪಸರ್ಗಗಳೂ ಅದೇ ನಡಿಗೆಯವು. ನಮ್ಮ ಎಣಿಕೆಯಾದರೋ ಸಾವಿರದವರೆಗೆ ಒಂದು ನಡಿಗೆ, ಅಲ್ಲಿಂದ ಮುಂದೆ ನೂರರಿಂದ ನೂರಕ್ಕೆ ಬೇರೆ ನಡಿಗೆ: ಸಾವಿರ, ಲಕ್ಷ, ಕೋಟಿ. ಇಂಗ್ಲಿಷ್ ಪತ್ರಿಕೆಯಲ್ಲಿ ‘ಒಂದೂವರೆ ಮಿಲಿಯನ್’ ಎಂದು ಓದಿ, ಕನ್ನಡ ಪತ್ರಿಕೆಯಲ್ಲಿ ‘15 ಲಕ್ಷ’ ಎಂದು ಓದಿದ ನನ್ನ ತಲೆಯಲ್ಲಿ ಲಕ್ಷವೂ ಮಿಲಿಯನ್ನೂ ಒಂದೇ ಮೆಟ್ಟಿಲಾಗಿಬಿಟ್ಟಿದ್ದವು. ನಿಜವಾಗಿ ಮೆಗಾ ಎಂದರೆ ಹತ್ತು ಲಕ್ಷ. ಗಿಗಾ ಎಂದರೆ ನೂರು ಕೋಟಿ. ಟೆರಾ ಎಂದರೆ ಲಕ್ಷ ಕೋಟಿ. ಪೆಟಾ ಎಂದರೆ ಹತ್ತು ಕೋಟಿ ಕೋಟಿ. ಎರಡು ಏಣಿಗಳ ಮೆಟ್ಟಿಲುಗಳು ಪ್ರತಿಸಲವೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಕಾಲಿಡುವವನು ಕೆಳಗೆ ನೋಡಿ, ಸೊನ್ನೆಗಳನ್ನು ಎಣಿಸಿ, ಕಾಲಿಡಬೇಕು. ಇದಕ್ಕಿಂತ ಬೇರೆ ಉಪಾಯವಿಲ್ಲ.

ಉಳಿದಂತೆ ಪರಿವರ್ತನೆಯ ಸೂತ್ರ ಬಹಳ ಸರಳವಾದದ್ದು. ಮಾನ ಒಂದು ಮೆಟ್ಟಿಲು ದೊಡ್ಡದಾದರೆ ಸಂಖ್ಯೆಯ ಬಿಂದು ಮೂರು ಸ್ಥಾನ ಎಡಕ್ಕೆ ಸರಿಯುತ್ತದೆ. ಮಾನ ಚಿಕ್ಕದಾದರೆ ಮೂರು ಸ್ಥಾನ ಬಲಕ್ಕೆ. ಸಿದ್ದಾಪುರದ ಗಡಿಯಲ್ಲಿ ಧುಮುಕುವ ಜೋಗದ ಎತ್ತರ 253 ಮೀಟರು. ಕಿಲೋಮೀಟರಿನಲ್ಲಿ ಅದು 0.253, ಮೆಗಾಮೀಟರಿನಲ್ಲಿ 0.000253. ಜಲಪಾತ ಕುಗ್ಗಲಿಲ್ಲ, ಕೊಳಗ ದೊಡ್ಡದಾಯಿತು, ಕೊಳಗಗಳ ಎಣಿಕೆ ಕಡಿಮೆಯಾಯಿತು. ನಾಲ್ಕು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಒಂದು ಕಿಲೋಮೀಟರಾಗಿ ಇನ್ನೂ 12 ಮೀಟರು ಮಿಗುತ್ತದೆ. ಹಾಗೆಯೇ 40 ಲಕ್ಷ ಜೋಗಗಳನ್ನು ನಿಲ್ಲಿಸಿದರೆ ಒಂದು ಗಿಗಾಮೀಟರಾದೀತು. ಅಡಿಕೆ ಬೆಳೆಗಾರನ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ; ಕಿಲೋವಿನಲ್ಲಿ ತೂಗಿದ ಅಡಿಕೆಯನ್ನು ಕ್ವಿಂಟಾಲಿನಲ್ಲಿ ಬರೆಯುವುದನ್ನು ಅವನು ದಿನವೂ ನೋಡುತ್ತಾನೆ.

ಆ ಸಂಜೆ ಅಜ್ಜನವರು ಇನ್ನೊಂದು ಮಾತು ತೆಗೆದರು. ಅವರ ಯೌವನದಲ್ಲಿ ತೋಟದ ಮೋಜಣಿ ಮಾಡುವವರು ಸರಪಳಿ ಹಿಡಿದು ಬರುತ್ತಿದ್ದರಂತೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತಷ್ಟೆ. ಆ ಪ್ರಾಂತದ ಮೋಜಣಿಯ ಸರಪಳಿಗೆ 33 ಅಡಿ ಉದ್ದ, 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದ ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು, ಆಮೇಲೆ ಮೀಟರು. ಎರಡು ಮೂರು ವರ್ಷಗಳಲ್ಲಿ ರಾಜ್ಯ, ನಾಣ್ಯ, ತಕ್ಕಡಿ ಮೂರೂ ಬದಲಾದವು.

“ಸರಪಳಿ ಎಂದರೆ ಹತ್ತು ಮೀಟರು ಎಂದು ಆಗ ಎಷ್ಟೋ ಜನ ಹೇಳುತ್ತಿದ್ದರು, ಮಾಸ್ತರೇ. ನಾನು ಒಪ್ಪಲಿಲ್ಲ,” ಎಂದರು ಅಜ್ಜ.

ಅವರು ಒಪ್ಪದಿದ್ದುದು ನ್ಯಾಯವಾಗಿಯೇ ಇದೆ. 33 ಅಡಿ ಎಂದರೆ 10.0584 ಮೀಟರು. ಒಂದು ಸರಪಳಿಯಲ್ಲಿ ಹೋಗುವುದು ಆರು ಸೆಂಟಿಮೀಟರಿಗೂ ಕಡಿಮೆ, ಮೂರು ಬೆರಳಗಲ. ಆದರೆ ನೂರು ಸರಪಳಿಯ ಬೇಲಿಯಲ್ಲಿ ಐದು ಮುಕ್ಕಾಲು ಮೀಟರಿಗಿಂತ ಹೆಚ್ಚು ಹೋಗುತ್ತದೆ. ಅಡಿಕೆ ಸಸಿಗಳನ್ನು ನೆಡುವ ಅಂತರ 2.7 ಮೀಟರು, ಹಳೆಯ ಲೆಕ್ಕದ ಒಂಬತ್ತಡಿ. ಎಂದರೆ ಬೇಲಿಯ ಬದಿಯಲ್ಲಿ ಎರಡು ಮರಗಳ ಜಾಗ. ಅಣ್ಣತಮ್ಮಂದಿರು ಮಾತು ಬಿಡಲು ಇಷ್ಟು ಸಾಲದೆ? ಅಳತೆಯ ಪರಿವರ್ತನೆ ಪುಸ್ತಕದ ವಿಷಯವೆಂದು ತಿಳಿದವರು ತೋಟದ ಬೇಲಿಯ ಪಕ್ಕದಲ್ಲಿ ಒಮ್ಮೆ ನಿಂತು ನೋಡಬೇಕು.

ಬೇಲಿಯಲ್ಲಿ ನಡೆಯುವುದು ಆಕಾಶದಲ್ಲಿಯೂ ನಡೆಯುತ್ತದೆ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ಮಂಗಳ ನೌಕೆಯೊಂದು ಆ ಗ್ರಹದ ಬಳಿ ಹೋಗಿ ಕಣ್ಮರೆಯಾಯಿತು. ಒಂದು ಗುಂಪಿನವರ ಗಣಕಯಂತ್ರ ಪೌಂಡಿನ ಲೆಕ್ಕದಲ್ಲಿ ಅಂಕಿಗಳನ್ನು ಕೊಟ್ಟಿತು; ಇನ್ನೊಂದು ಗುಂಪಿನವರು ಅವುಗಳನ್ನು ಮೆಟ್ರಿಕ್ ಮಾನದ ಅಂಕಿಗಳೆಂದು ನಂಬಿದರು. ನೌಕೆ ಎಣಿಸಿದ್ದಕ್ಕಿಂತ ತೀರ ಕೆಳಕ್ಕಿಳಿದು ನಾಶವಾಯಿತು. ಅಲ್ಲಿ ಇದ್ದವರೆಲ್ಲರೂ ವಿದ್ವಾಂಸರು. ಅಂಕಿಯ ಪಕ್ಕದಲ್ಲಿ ಮಾನದ ಹೆಸರಿಲ್ಲದಿದ್ದರೆ ವಿದ್ವತ್ತಿನಿಂದಲೂ ಪ್ರಯೋಜನವಿಲ್ಲ.

ಮರುದಿನ ತರಗತಿಗೆ ಹೋದವನೇ ನಾಲ್ಕನೆಯ ಸಾಲನ್ನು ಹಲಗೆಯ ಮೇಲೆ ಮತ್ತೆ ಬರೆದೆ. ಎಲ್ಲರ ಎದುರಿಗೆ ಅದನ್ನು ಹೊಡೆದುಹಾಕಿದೆ. “ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಗಿಗಾಮೀಟರು. ನಾನು ತಪ್ಪು ಕಲಿಸಿದ್ದೆ. ನಿಮ್ಮಲ್ಲಿ ಒಬ್ಬಳು ಸರಿಯಾಗಿ ಎಣಿಸಿದಳು, ಅವಳಿಗೆ ನಾನು ತಪ್ಪು ಗುರುತು ಹಾಕಿದೆ,” ಎಂದೆ. ತರಗತಿ ಮೌನವಾಗಿತ್ತು. ಮಕ್ಕಳು ನಗಲಿಲ್ಲ, ಅವರಿಗೆ ನಗುವುದಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತೆಂದು ತೋರುತ್ತದೆ. ಆದರೆ ಹುಡುಗಿಯ ಮುಖ ಇನ್ನೂ ಬಾಡಿಯೇ ಇತ್ತು. ತಾನು ಸರಿಯೆಂದು ಇನ್ನೊಬ್ಬರು ಹೇಳಿದರೆ ಸಾಲದು, ತನ್ನ ಕಣ್ಣಿಗೆ ಅದು ಕಾಣಬೇಕು. ಆ ವಯಸ್ಸಿನ ನ್ಯಾಯ ಅದು.

ಆದ್ದರಿಂದ ಒಂದು ಏರ್ಪಾಡು ಮಾಡಿದೆ. ಒಂದು ಗಿಗಾಮೀಟರನ್ನು ಒಂದು ಮೀಟರಿಗೆ ಇಳಿಸುವುದು, ಎಂದರೆ ಜಗತ್ತನ್ನು ನೂರು ಕೋಟಿ ಪಾಲು ಕುಗ್ಗಿಸುವುದು; ಆಮೇಲೆ ಅದನ್ನು ರಸ್ತೆಯ ಮೇಲೆ ಹಾಸಿ ನಡೆದು ನೋಡುವುದು. ಒಂದು ಶನಿವಾರ ಬೆಳಗ್ಗೆ ಶಾಲೆಯ ಗೇಟಿನಿಂದ ಯಲ್ಲಾಪುರದ ರಸ್ತೆಯ ಕಡೆಗೆ ನಮ್ಮ ಮೆರವಣಿಗೆ ಹೊರಟಿತು. ಹುಡುಗಿಯ ಅಜ್ಜನೂ ಊರುಗೋಲು ಹಿಡಿದು ಬಂದಿದ್ದರು.

ಗೇಟಿಗೆ ಹಳದಿ ಬಟ್ಟೆಯ ಚಕ್ರವೊಂದನ್ನು ಕಟ್ಟಿದೆವು. ಅದರ ಅಡ್ಡಳತೆ 1 ಮೀಟರು 39 ಸೆಂಟಿಮೀಟರು. ಅದು ಸೂರ್ಯ. ಅಲ್ಲಿಂದ 58 ಮೀಟರು ನಡೆದಾಗ ಬುಧ, ಐದು ಮಿಲಿಮೀಟರಿನ ಕಾಳು. 108 ಮೀಟರಿಗೆ ಶುಕ್ರ. 150 ಮೀಟರಿಗೆ ಭೂಮಿ: ಹದಿಮೂರು ಮಿಲಿಮೀಟರಿಗೂ ಕಡಿಮೆಯಾದ ಒಂದು ಸಣ್ಣ ಗೋಲಿ. ನಮ್ಮ ಸಹ್ಯಾದ್ರಿ, ನಮ್ಮ ಶರಾವತಿ, ಅಘನಾಶಿನಿ, ಬೇಡ್ತಿ, ಮಾರಿಕಾಂಬೆಯ ಜಾತ್ರೆ, ಬನವಾಸಿಯ ಕದಂಬರು ಕಟ್ಟಿ ಆಳಿದ ರಾಜ್ಯ ಎಲ್ಲವೂ ಆ ಗೋಲಿಯ ಮೇಲೆ. ಅದರಿಂದ 38 ಸೆಂಟಿಮೀಟರಿನ ಆಚೆ, ಮೊಳಕ್ಕೂ ಕಡಿಮೆ ದೂರದಲ್ಲಿ, ಚಂದ್ರ: ನಮ್ಮ ತೋಟದ ಸಣ್ಣ ಮೆಣಸಿನ ಕಾಳು. ಅಷ್ಟು ದೂರವನ್ನೇ ಲೆಕ್ಕದಲ್ಲಿ 3,84,400 ಕಿಲೋಮೀಟರು ಎನ್ನುತ್ತೇವೆ, ಮೆಗಾಮೀಟರಿನಲ್ಲಿ 384.4, ಗಿಗಾಮೀಟರಿನಲ್ಲಿ 0.3844. ಮನುಷ್ಯ ತನ್ನ ಊರು ಬಿಟ್ಟು ಕಾಲಿಟ್ಟಿರುವ ಅತಿ ದೂರದ ನೆಲ ಅದು.

“ಆದಿತ್ಯ ಎಲ್ಲಿ, ಸರ್?” ಎಂದು ಯಾರೋ ಕೇಳಿದರು.

ನಾನು ಹುಡುಗಿಯನ್ನು ಕರೆದೆ. “ತಂಗಿ, ನೀನೇ ತೋರಿಸು.”

ಅವಳು ಗೋಲಿಯ ಬಳಿ ನಿಂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಒಂದು ಕೈಯ ಬೆರಳನ್ನು ಗೋಲಿಯ ಮೇಲೆ ಹಿಡಿದು, ಇನ್ನೊಂದು ಕೈಯನ್ನು ಸೂರ್ಯನ ಕಡೆಗೆ ಪೂರ್ತಿಯಾಗಿ ಚಾಚಿದಳು. ಮೀಟರು ಪಟ್ಟಿ ಹಿಡಿದು ನೋಡಿದೆವು. ಹದಿನಾಲ್ಕು ವರ್ಷದ ಹುಡುಗಿಯ ಎರಡು ತೋಳುಗಳ ಹರವು ಒಂದೂವರೆ ಮೀಟರಿಗೆ ಒಂದೆರಡು ಬೆರಳಿನ ಅಂತರದಲ್ಲಿ ಬಂದಿತು. ನನ್ನ ಉತ್ತರ ಸರಿಯಾಗಿದ್ದರೆ ಆದಿತ್ಯ 15 ಮೀಟರು ದೂರದ ಲೈಟುಕಂಬದ ಬಳಿ ಇರಬೇಕಾಗಿತ್ತು. ಅದು ಅಲ್ಲಿರಲಿಲ್ಲ, ಅವಳ ಬೆರಳ ತುದಿಯಲ್ಲಿತ್ತು.

“ಒಂದು ಮಾರು,” ಎಂದರು ಅಜ್ಜ, ತೃಪ್ತಿಯಿಂದ. “ಇಷ್ಟೇಯೋ? ಇದಕ್ಕೆ ಇಷ್ಟು ದೊಡ್ಡ ಹೆಸರೆ?” ಹುಡುಗಿ ನಕ್ಕಳು. ಎರಡು ವಾರಗಳ ಮೇಲೆ ನಾನು ಕಂಡ ಮೊದಲ ನಗು ಅದು.

ಅಜ್ಜ ಅಲ್ಲಿಂದ ಹಿಂದಿರುಗಿದರು, ನಾವು ಮುಂದುವರಿದೆವು. 228 ಮೀಟರಿಗೆ ಮಂಗಳ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಆ ಗ್ರಹದ ಕಕ್ಷೆಯನ್ನು ಸೇರಿದಾಗ ಅದು ಭೂಮಿಯಿಂದ ಸುಮಾರು 224 ಗಿಗಾಮೀಟರು ದೂರದಲ್ಲಿತ್ತು. ಅಲ್ಲಿಂದ ಹೊರಟ ರೇಡಿಯೋ ಸಂಕೇತ ಬೆಂಗಳೂರಿನ ಬಳಿಯ ಬ್ಯಾಲಾಳಿನ 32 ಮೀಟರು ಅಡ್ಡಳತೆಯ ತಟ್ಟೆಯನ್ನು ಮುಟ್ಟಲು ಹನ್ನೆರಡೂವರೆ ನಿಮಿಷ ಬೇಕಾಗಿತ್ತು. ಮುಂದೆ ದಾರಿ ಖಾಲಿಯಾಯಿತು. 778 ಮೀಟರಿಗೆ ಗುರು, ಸುಲಿದ ತೆಂಗಿನಕಾಯಿಯ ಗಾತ್ರ. 1,430 ಮೀಟರಿಗೆ ಶನಿ. 2,870 ಮೀಟರಿಗೆ ಯುರೇನಸ್. ಕಟ್ಟಕಡೆಗೆ 4,500 ಮೀಟರಿಗೆ ನೆಪ್ಚೂನ್: ಸಿಪ್ಪೆ ಸಹಿತವಾದ ಒಂದು ಅಡಿಕೆಕಾಯಿ. ನಾಲ್ಕೂವರೆ ಸಾವಿರ ಗಿಗಾಮೀಟರು, ಎಂದರೆ ನಾಲ್ಕೂವರೆ ಟೆರಾಮೀಟರು. ನಮ್ಮ ಹಿರಿಯರ ಲೆಕ್ಕದಲ್ಲಿ ಮೂರು ಮೈಲಿಗೆ ಒಂದು ಹರದಾರಿ. ಸೌರಮಂಡಲ ಒಂದು ಹರದಾರಿಗೆ ತುಸು ಕಡಿಮೆಯಾಯಿತು. ಬೆಳಕು ಈ ದಾರಿಯನ್ನು ಕ್ರಮಿಸಲು ನಾಲ್ಕು ಗಂಟೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ನಾವು ಒಂದೂಕಾಲು ಗಂಟೆಯಲ್ಲಿ ಮುಗಿಸಿದ್ದೆವು. ಕುಗ್ಗಿದ ಜಗತ್ತಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ 30 ಸೆಂಟಿಮೀಟರು, ಒಂದಡಿಗೂ ಕಡಿಮೆ. ಬೆಳಕನ್ನು ಹಿಂದೆ ಹಾಕಿದ ಹೆಮ್ಮೆಯಿಂದ ಮಕ್ಕಳು ಮರದ ನೆರಳಿನಲ್ಲಿ ಕುಳಿತು ತಿಂಡಿಯ ಡಬ್ಬಿಗಳನ್ನು ಬಿಚ್ಚಿದರು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಗಿಗಾಮೀಟರು, ಟೆರಾಮೀಟರುಗಳು ವ್ಯಾಕರಣಶುದ್ಧವಾದ ಪದಗಳಾದರೂ ಬಳಕೆಯಲ್ಲಿ ವಿರಳ. ಖಗೋಳಜ್ಞರು ಸೌರಮಂಡಲದೊಳಗೆ ಖಗೋಳಮಾನವನ್ನು ಬಳಸುತ್ತಾರೆ: ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರದಿಂದ ಹುಟ್ಟಿದ ಮಾನ ಅದು; 2012ರಲ್ಲಿ ಅದನ್ನು 14,959,78,70,700 ಮೀಟರು ಎಂದು ನಿಶ್ಚಯಿಸಿದರು, ಸುಮಾರು 149.6 ಗಿಗಾಮೀಟರು. ಅದರಾಚೆಗೆ ಜ್ಯೋತಿರ್ವರ್ಷ: ಬೆಳಕು ಒಂದು ವರ್ಷದಲ್ಲಿ ನಡೆಯುವ ದೂರ, 9.46 ಪೆಟಾಮೀಟರು. ದೂರವನ್ನು ಹೊತ್ತಿನಿಂದ ಹೇಳುವ ಈ ಕ್ರಮ ನಮ್ಮ ಒಂದು ಕವಳದ ದಾರಿಗಿಂತ ಬೇರೆಯಾದದ್ದೇನೂ ಅಲ್ಲ. ಮೀಟರೇ ಈಗ ಹಾಗೆ ಆಗಿದೆ. 1983ರಿಂದ ಮೀಟರೆಂದರೆ ಬೆಳಕು ಶೂನ್ಯದಲ್ಲಿ ಒಂದು ಸೆಕೆಂಡಿನ 29,97,92,458ನೆಯ ಒಂದು ಪಾಲಿನ ಹೊತ್ತಿನಲ್ಲಿ ನಡೆಯುವ ದೂರ. ಆದರೂ ಮೀಟರಿನ ಏಣಿ ತಿಳಿದಿರಬೇಕು. ಬೇರೆ ಬೇರೆ ಮಾನಗಳನ್ನು ಹೋಲಿಸುವಾಗ ಎಲ್ಲವೂ ಕೊನೆಗೆ ಬಂದು ನಿಲ್ಲುವ ಅಂಗಳ ಅದೊಂದೇ.

ಆ ಏಣಿಯೂ ಒಂದೇ ದಿನ ಕಟ್ಟಿದ್ದಲ್ಲ. ಮೆಗಾ, ಗಿಗಾ, ಟೆರಾಗಳಿಗೆ 1960ರಲ್ಲಿ ಅಂತರರಾಷ್ಟ್ರೀಯ ಪದ್ಧತಿಯ ಮುದ್ರೆ ಬಿದ್ದಿತು. ಪೆಟಾ, ಎಕ್ಸಾಗಳು 1975ರಲ್ಲಿ, ಜೆಟ್ಟಾ, ಯೊಟ್ಟಾಗಳು 1991ರಲ್ಲಿ, ರೊನ್ನಾ, ಕ್ವೆಟ್ಟಾಗಳು 2022ರಲ್ಲಿ ಬಂದವು. ಒಂದೊಂದೂ ಹಿಂದಿನದಕ್ಕಿಂತ ಸಾವಿರ ಪಟ್ಟು ದೊಡ್ಡದು. ಇವೆಲ್ಲ ಹೊರಗಿನಿಂದ ಬಂದ ಹೆಸರುಗಳೆಂದು ಬೇಸರಪಡುವವರಿಗೆ ಒಂದು ಸಮಾಧಾನವಿದೆ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ತೊಡಗಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟನು. ಅದರಲ್ಲಿ ಹದಿನೇಳನೆಯದು ಕ್ಷೋಣಿ, ಒಂದರ ಮುಂದೆ ಹದಿನಾರು ಸೊನ್ನೆ. ಒಂದು ಜ್ಯೋತಿರ್ವರ್ಷವೆಂದರೆ ಹೆಚ್ಚುಕಡಿಮೆ ಒಂದು ಕ್ಷೋಣಿ ಮೀಟರು! ಇಪ್ಪತ್ತಮೂರನೆಯದು ಕ್ಷೋಭ, ಆಂಡ್ರೊಮಿಡಾ ಎಂಬ ನೆರೆಯ ಬ್ರಹ್ಮಾಂಡ ನಮ್ಮಿಂದ ಸುಮಾರು ಎರಡೂವರೆ ಕ್ಷೋಭ ಮೀಟರು ದೂರದಲ್ಲಿದೆ. ರಾಷ್ಟ್ರಕೂಟರ ರಾಜ್ಯದ ಗಣಿತಜ್ಞನು ಬರಲಿರುವ ನೆಂಟರಿಗಾಗಿ ಸಾವಿರ ವರ್ಷ ಮೊದಲೇ ಮಣೆ ಹಾಕಿಟ್ಟಿದ್ದನು.

ತಿಂಡಿ ಮುಗಿಸಿ ಹೊರಡುವ ಹೊತ್ತಿಗೆ ಹುಡುಗಿ ಬಂದು ಕೇಳಿದಳು: “ಸರ್, ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಇದೇ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಯಲ್ಲಾಪುರದಲ್ಲಿಯೇ?”

“ನಾನು ಹೇಳುವುದಿಲ್ಲ. ನೀನೇ ಎಣಿಸು,” ಎಂದೆ.

ಅವಳು ರಸ್ತೆಯ ಬದಿಯ ಮಣ್ಣಿನಲ್ಲಿ ಕಡ್ಡಿಯಿಂದ ಬರೆದಳು. ಪ್ರಾಕ್ಸಿಮಾ ನಕ್ಷತ್ರದ ದೂರ 4.25 ಜ್ಯೋತಿರ್ವರ್ಷ, ಒಂದು ಜ್ಯೋತಿರ್ವರ್ಷಕ್ಕೆ 9.46 ಪೆಟಾಮೀಟರು, ಗುಣಿಸಿದರೆ 40 ಪೆಟಾಮೀಟರಿಗೆ ತುಸು ಹೆಚ್ಚು. ಪೆಟಾದಿಂದ ಗಿಗಾಕ್ಕೆ ಎರಡು ಮೆಟ್ಟಿಲು, ಆರು ಸೊನ್ನೆ: ನಾಲ್ಕು ಕೋಟಿ ಗಿಗಾಮೀಟರು. ನಮ್ಮ ರಸ್ತೆಯಲ್ಲಿ ಅಷ್ಟೇ ಮೀಟರು. ಮೂರು ಸೊನ್ನೆ ತೆಗೆದು ಅವಳು ಕಿಲೋಮೀಟರು ಮಾಡಿದಳು: 40,000. ಕಡ್ಡಿ ಹಾಗೆಯೇ ನಿಂತಿತು.

“ಸರ್, ಭೂಮಿಯ ಸುತ್ತಳತೆ!”

ನನಗೂ ಅದು ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಅಷ್ಟೇ ಅಲ್ಲ, ಇನ್ನೊಂದು ನೆನಪೂ ಬಂದಿತು. 1791ರಲ್ಲಿ ಫ್ರಾನ್ಸಿನ ಪಂಡಿತರು ಮೀಟರನ್ನು ಹುಟ್ಟಿಸಿದಾಗ, ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಪಾಲು ಎಂದು ಅದನ್ನು ನಿರೂಪಿಸಿದರು. ಡೆಲಾಂಬರ್ ಮತ್ತು ಮೆಷೇನ್ ಎಂಬ ಇಬ್ಬರು ಡಂಕರ್ಕಿನಿಂದ ಬಾರ್ಸಿಲೋನಾದವರೆಗೆ, ಉತ್ತರ ದಕ್ಷಿಣವಾಗಿ, 1792ರಿಂದ ಏಳು ವರ್ಷ ನೆಲವನ್ನು ಅಳೆದರು. ಅದರಿಂದಲೇ ಭೂಮಿಯ ಸುತ್ತಳತೆ ಹೆಚ್ಚುಕಡಿಮೆ ಸರಿಯಾಗಿ ನಾಲ್ಕು ಕೋಟಿ ಮೀಟರು. ನಮ್ಮ ಮೂರು ಊರುಗಳ ನಕಾಶೆಯನ್ನು ನೋಡಿ: ದಕ್ಷಿಣಕ್ಕೆ ಸಿದ್ದಾಪುರ, ನಡುವೆ ಶಿರಸಿ, ಉತ್ತರಕ್ಕೆ ಯಲ್ಲಾಪುರ, ಬಹುಮಟ್ಟಿಗೆ ಒಂದೇ ರೇಖಾಂಶದ ಮೇಲೆ ಪೋಣಿಸಿದ ಮೂರು ಮಣಿಗಳು. ಹಕ್ಕಿ ಹಾರುವ ದಾರಿಯಲ್ಲಿ ಸಿದ್ದಾಪುರದಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರು. ಆ ಪಂಡಿತರು ಅಳೆದಂಥ ದಾರವೇ ನಮ್ಮ ತೋಟಗಳ ಮೇಲೆಯೂ ಹಾದುಹೋಗಿದೆ.

ಆದ್ದರಿಂದ ಹತ್ತಿರದ ನಕ್ಷತ್ರಕ್ಕೆ ಹೋಗುವ ದಾರಿಯನ್ನು ಮಕ್ಕಳಿಗೆ ಹೇಳುವುದು ಸುಲಭವಾಯಿತು. ಇದೇ ರಸ್ತೆಯಲ್ಲಿ ಯಲ್ಲಾಪುರಕ್ಕೆ ಹೋಗಿ. ಅಲ್ಲಿ ನಿಲ್ಲದೆ ನೇರವಾಗಿ ಉತ್ತರಕ್ಕೆ ನಡೆಯಿರಿ. ಅಜಮೇರ, ಅಮೃತಸರ, ಶ್ರೀನಗರಗಳು ದಾರಿಯ ಬದಿಯಲ್ಲಿಯೇ ಸಿಕ್ಕುತ್ತವೆ. ಹಿಮಾಲಯವನ್ನು ದಾಟಿ, ಉತ್ತರಧ್ರುವವನ್ನು ಮುಟ್ಟಿ, ಆ ಕಡೆ ಅಮೆರಿಕದ ಮೇಲೆ ಇಳಿದು, ಶಾಂತಸಾಗರವನ್ನು ಹಾದು, ದಕ್ಷಿಣಧ್ರುವದ ಹಿಮವನ್ನು ತುಳಿದು, ಹಿಂದೂ ಮಹಾಸಾಗರದಲ್ಲಿ ಬಡಗಣಕ್ಕೆ ಬನ್ನಿ. ಮಂಗಳೂರಿನ ಬಳಿ ನೆಲ ಸಿಕ್ಕುತ್ತದೆ. ಘಟ್ಟ ಹತ್ತಿ, ಸಿದ್ದಾಪುರದ ಮೇಲೆ ಹಾದು, ಶಾಲೆಯ ಗೇಟಿಗೆ ಬಂದು ಸೇರಿ. ಅಲ್ಲಿಗೆ ನಕ್ಷತ್ರ ಬಹುಮಟ್ಟಿಗೆ ಬಂದಿತು. ಇನ್ನು ಒಂದು ನೂರೈವತ್ತು ಕಿಲೋಮೀಟರು ಚಿಲ್ಲರೆ ಮಾತ್ರ ಬಾಕಿ. ಅಷ್ಟು ದೂರದವರೆಗೆ ನಡುವೆ ಇನ್ನೊಂದು ನಕ್ಷತ್ರವಿಲ್ಲ.

ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿರುಗುವಾಗ ನಾವು ಶನಿಯನ್ನೂ ಗುರುವನ್ನೂ ಆರಿಸಿ ಚೀಲಕ್ಕೆ ಹಾಕಿಕೊಂಡೆವು. ಭೂಮಿಯ ಗೋಲಿಯ ಬಳಿ ಬಂದಾಗ ಹುಡುಗಿ ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು, ಕೊಡುವಾಗ ಕೇಳಿದಳು: “ಸರ್, ನನ್ನ ಪತ್ರಿಕೆಯಲ್ಲಿ ಅಂಕ ತಿದ್ದುತ್ತೀರಾ?”

ತಿದ್ದಿದೆ. ಎರಡು ಅಂಕ. ಬದಿಯಲ್ಲಿ ಬರೆದಿದ್ದ ಹಿತವಚನವನ್ನು ಮಾತ್ರ ಅಳಿಸಲಿಲ್ಲ. ಅದರ ಕೆಳಗೆ ನನ್ನ ಹೆಸರನ್ನು ಬರೆದು ಕೊಟ್ಟೆ.